ಒಂದು ಬಟನ್ ಒತ್ತಿ ಹುಟ್ಟಿಸಿದ ಅವಳಿ

"ಅಂಕಲ್, ಇವಳು ಅವಳಲ್ಲ."

ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹುಡುಗ ಹೀಗಂದಾಗ ನಾನು ನಕ್ಕುಬಿಟ್ಟೆ. ಆರೇಳು ವರ್ಷದ ಮಕ್ಕಳು, ಇಪ್ಪತ್ತಾರು ಜನ. ನನ್ನ ಕೈಯಲ್ಲಿ ನಾನೇ ಲೇಔಟ್ ಮಾಡಿದ ಮಕ್ಕಳ ಚಿತ್ರಪುಸ್ತಕದ ಡಮ್ಮಿ, ಅಂದರೆ ಅಚ್ಚಿಗೆ ಮುಂಚಿನ, ಪಿನ್ ಹೊಡೆದ ಕಲರ್ ಮಾದರಿ. ಅಚ್ಚು ಹಾಕುವ ಪ್ಲೇಟುಗಳು ಆಗಲೇ ಪ್ರೆಸ್‌ನಲ್ಲಿ ರೆಡಿ ಇದ್ದವು, ಮಾರನೇ ದಿನ ಬೆಳಿಗ್ಗೆ ಮುದ್ರಣ. ಈ ಓದು ಇಟ್ಟುಕೊಂಡಿದ್ದು ಪುಸ್ತಕ ಪರೀಕ್ಷೆ ಮಾಡುವುದಕ್ಕಲ್ಲ. ಮಾರ್ಕೆಟಿಂಗ್‌ನವರಿಗೆ ಮಕ್ಕಳು ನಗುವ ಒಂದು ವಿಡಿಯೋ ಬೇಕಿತ್ತು, ಅಷ್ಟೇ. ಫೈಲ್ ಪ್ರೆಸ್‌ಗೆ ಹೋದ ಮೇಲೆ ಮಕ್ಕಳಿಗೆ ತೋರಿಸುವ ಪದ್ಧತಿ ಯಾವ ಬುದ್ಧಿವಂತ ತಂದನೋ ಗೊತ್ತಿಲ್ಲ. ನಮ್ಮಲ್ಲಿ ಮೊದಲಿಂದಲೂ ಹಾಗೇ.

ಪುಸ್ತಕ ಚಿನ್ನಿ ಅನ್ನುವ ಹುಡುಗಿಯದು. ಅವಳ ಬಲಕಿವಿ ಚೆನ್ನಾಗಿ ಕೇಳುತ್ತದೆ. ಎಡಕಿವಿಗೆ ಕಿತ್ತಳೆ ಬಣ್ಣದ ಶ್ರವಣ ಸಾಧನ. ಹೊಸ ಗೆಳತಿ ಯಾವಾಗಲೂ ಎಡಗಡೆಯಿಂದ ಬಂದು ಮಾತಾಡುತ್ತಾಳೆ, ಗಲಾಟೆಯಲ್ಲಿ ಚಿನ್ನಿಗೆ ಅದು ಕೇಳುವುದಿಲ್ಲ, ಗೆಳತಿಗೆ ಕೋಪ. ಕೊನೆಗೆ ಆ ಗೆಳತಿ ಈ ಕಡೆಯಿಂದ ಆ ಕಡೆಗೆ ಹೋಗಿ ಕೂತುಕೊಳ್ಳುತ್ತಾಳೆ. ಕಥೆ ಇಷ್ಟೇ. ಚಿನ್ನಿ ಯಾರ ಪ್ರಾಣವನ್ನೂ ಉಳಿಸುವುದಿಲ್ಲ, ಯಾವ ಬಹುಮಾನವನ್ನೂ ಗೆಲ್ಲುವುದಿಲ್ಲ. ಇಂಥ ಪುಸ್ತಕಗಳಲ್ಲಿ ಬೇರೆ ಥರ ಇರುವ ಮಗು ಕ್ಲೈಮ್ಯಾಕ್ಸ್‌ನಲ್ಲಿ ಏನೋ ಒಂದು ಸಾಹಸ ಮಾಡಿ ಗೆಳೆತನ ಸಂಪಾದಿಸಿಕೊಳ್ಳಬೇಕಾಗುತ್ತದೆ. ಉಪಯೋಗಕ್ಕೆ ಬಂದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಅಂತ ಹೇಳಿದ ಹಾಗೆ ಅದು. ನಮ್ಮ ಕಥೆಯಲ್ಲಿ ಆ ಕಾಟ ಇಲ್ಲ ಅನ್ನೋದೇ ನನಗೆ ದೊಡ್ಡ ಹೆಮ್ಮೆ.

ಕಥೆಯ ಜೀವ ಇರುವುದು ಎದುರುಬದುರಿನ ಎರಡು ಪುಟ ಸೇರಿದ 18-19ನೇ ಸ್ಪ್ರೆಡ್‌ನಲ್ಲಿ. ಗೆಳತಿ ಚಿನ್ನಿಯ ಬಲಕಿವಿಗೆ ಬಾಯಿಟ್ಟು ಗುಟ್ಟು ಹೇಳುತ್ತಾಳೆ. ಪುಟದ ಮೇಲೆ ಒಂದೇ ಸಾಲು. ಹುಡುಗ ಬೆರಳು ತೋರಿಸಿದ್ದು ಅಲ್ಲಿಗೇ.

"ಅವಳೇ ಕಣೋ" ಅಂದೆ.

ಅವನು ಎದ್ದು ಬಂದು ನನ್ನ ಕೈಯಿಂದ ಡಮ್ಮಿ ತಗೊಂಡು ಮುಖಪುಟ ತಿರುಗಿಸಿದ. ಮುಖಪುಟದಲ್ಲಿ ಚಿನ್ನಿ ನೇರ ನಮ್ಮನ್ನೇ ನೋಡುತ್ತಾಳೆ. ಕಿತ್ತಳೆ ಮಷೀನ್ ನಮ್ಮ ಬಲಗಡೆ, ಕೂದಲಿನ ಹಸಿರು ಕ್ಲಿಪ್ಪೂ ಅದೇ ಕಡೆ. ಮತ್ತೆ 18ಕ್ಕೆ ಬಂದ. ಇಲ್ಲೂ ಚಿನ್ನಿ ಎದುರಿಗೇ ಕೂತಿದ್ದಾಳೆ. ಮಷೀನ್ ಎಡಗಡೆ. ಕ್ಲಿಪ್ ಎಡಗಡೆ.

"ಇವಳು ಅವಳಿ" ಅಂತ ಹಿಂದಿನಿಂದ ಒಬ್ಬಳು ತೀರ್ಪು ಕೊಟ್ಟಳು. ಅಷ್ಟು ಸಾಕಾಯಿತು. ಒಂದೇ ನಿಮಿಷದಲ್ಲಿ ಇಡೀ ಕ್ಲಾಸು ಚಿನ್ನಿಗೊಬ್ಬಳು ತಂಗಿಯನ್ನು ಕೊಟ್ಟು, ಅವಳಿಗೂ ಕಿವಿ ಕೇಳುವುದಿಲ್ಲ, ಆದರೆ ಬೇರೆ ಕಿವಿ, ಗೆಳತಿಗೆ ಯಾರು ಯಾರು ಅಂತ ಗೊತ್ತಾಗದೆ ತಂಗಿಯ ಕಿವಿಗೆ ಗುಟ್ಟು ಹೇಳಿಬಿಟ್ಟಿದ್ದಾಳೆ ಅಂತ ಕಥೆ ಕಟ್ಟಿ ಮುಗಿಸಿತ್ತು. ನಿಜ ಹೇಳಬೇಕೆಂದರೆ ನಮ್ಮ ಕಥೆಗಿಂತ ಅದೇ ಚೆನ್ನಾಗಿತ್ತು.

ನನ್ನ ನಗು ನಿಂತದ್ದು ಅಲ್ಲಿ. ಯಾಕೆಂದರೆ ನೆನಪಾಯಿತು.

ಎರಡು ತಿಂಗಳ ಹಿಂದೆ ಲೇಔಟ್ ಮಾಡುವಾಗ ಆ ಸ್ಪ್ರೆಡ್ ನನಗೆ ಕಿರಿಕಿರಿ ಮಾಡುತ್ತಿತ್ತು. ಗೆಳತಿ ಎಡತುದಿಯಲ್ಲಿ, ಚಿನ್ನಿಯ ಕಣ್ಣು ಎಡಕ್ಕೆ, ನಾಯಿ ಓಡುವುದು ಎಡಕ್ಕೆ. ನಾವು ಓದುವುದು ಎಡದಿಂದ ಬಲಕ್ಕೆ, ಪುಟ ಮಗುಚುವುದು ಬಲಮೂಲೆಯಿಂದ. ಚಿತ್ರ ಎಡಕ್ಕೆ ಎಳೆದರೆ ಕಥೆ ಹಿಂದಕ್ಕೆ ನಡೆದ ಹಾಗೆ ಕಾಣುತ್ತದೆ. ಹೊಸಬರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ಹಾಗಾಗಿ ಚಿತ್ರ ಸೆಲೆಕ್ಟ್ ಮಾಡಿ, ಎಡಬಲ ಅದಲುಬದಲು ಮಾಡುವ ಫ್ಲಿಪ್ ಹಾರಿಜಾಂಟಲ್ ಒತ್ತಿದೆ. ನಾಯಿ ಬಲಕ್ಕೆ ಓಡಿತು. ಚಿತ್ರದಲ್ಲಿ ಎಲ್ಲಾದರೂ ಅಕ್ಷರ ಇದ್ದು ಉಲ್ಟಾ ಆಯಿತಾ ಅಂತ ನೋಡಿದೆ, ಇರಲಿಲ್ಲ. ಕಾಫಿಗೆ ಎದ್ದೆ.

ನನಗೆ ಇದು ಗೊತ್ತಿಲ್ಲದ ವಿಷಯವೂ ಅಲ್ಲ. ಜಪಾನಿನ ಮಾಂಗಾ ಪುಸ್ತಕಗಳು ಮೊದಮೊದಲು ಇಂಗ್ಲಿಷಿಗೆ ಬಂದಾಗ ಪುಟಗಳನ್ನೇ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಬಲಗೈಯವರೆಲ್ಲ ಎಡಚರಾಗಿಬಿಡುತ್ತಿದ್ದರು. ಇದನ್ನು ಜೂನಿಯರ್‌ಗಳಿಗೆ ನಗುತ್ತಾ ಹೇಳಿದವನು ನಾನೇ.

ಈಗ ಕ್ಲಾಸಿಗೆ ಬರೋಣ. ಇಪ್ಪತ್ತಾರು ಜೊತೆ ಕಣ್ಣು, ಹಿಂದೆ ಟೀಚರ್, ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಮಾರ್ಕೆಟಿಂಗ್ ಹುಡುಗ. "ನಾನು ತಪ್ಪು ಮಾಡಿದ್ದೀನಿ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಮಕ್ಕಳು ಇನ್ನಷ್ಟು ನಗುತ್ತಿದ್ದರು, ಅಷ್ಟೇ. ನಾನು ಮಾತ್ರ ಗಂಟಲು ಸರಿಮಾಡಿಕೊಂಡು, "ಅವಳು ಒಂದೊಂದು ಸಲ ಮಷೀನನ್ನ ಈ ಕಿವಿಗೂ ಹಾಕ್ಕೋತಾಳೆ" ಅಂದೆ.

ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು. ಅಲ್ಲಿಯವರೆಗೂ ಒಂದು ಮಾತೂ ಆಡಿರಲಿಲ್ಲ. "ಅದು ಆ ಕಿವಿಗೇ ಅಳತೆ ತಗೊಂಡಿದ್ದಲ್ವಾ?"

ಪುಟ 8. ಚಿನ್ನಿಯ ಕಿವಿಯೊಳಗೆ ಗುಲಾಬಿ ಬಣ್ಣದ ಮೆತ್ತಗಿನ ಪೇಸ್ಟ್ ತುಂಬಿ, ಗಟ್ಟಿಯಾಗುವವರೆಗೆ ಕಾದು, ಎಳೆದು ತೆಗೆಯುವ ಚಿತ್ರ. ಆ ಅಚ್ಚು ನೋಡಿಯೇ ಕಿವಿಯಲ್ಲಿ ಕೂರುವ ಮೋಲ್ಡ್ ಮಾಡುವುದು. ಒಬ್ಬರ ಮೋಲ್ಡ್ ಇನ್ನೊಬ್ಬರಿಗೆ ಆಗುವುದಿಲ್ಲ, ಎಡಗಡೆಯದು ಬಲಗಡೆಗೂ ಕೂರುವುದಿಲ್ಲ. ಮಕ್ಕಳು ಬೆಳೆದ ಹಾಗೆ ಮತ್ತೆ ಮತ್ತೆ ಹೊಸದು ಮಾಡಿಸಬೇಕು. ಇದನ್ನು ಹತ್ತು ನಿಮಿಷದ ಮುಂಚೆ ನಾನೇ ರಾಗವಾಗಿ ಓದಿ ಹೇಳಿದ್ದೆ. ನನ್ನ ಪುಸ್ತಕವೇ ನನ್ನ ಸುಳ್ಳು ಹಿಡಿದುಹಾಕಿತ್ತು. ಟೀಚರ್ ತಲೆ ತಗ್ಗಿಸಿ ನಗು ತಡೆದುಕೊಳ್ಳುವುದು ಕಾಣಿಸಿತು.

ಹೊರಗೆ ಬಂದವನೇ ಇಲಸ್ಟ್ರೇಟರ್‌ಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನಾಲ್ಕು ಸಲ. ಐದನೇ ಸಲಕ್ಕೆ ಬೆರಳು ಹೋದಾಗ ಅವರ ಮೆಸೇಜ್ ಬಂತು: "ಫೋನ್ ಮಾಡಬೇಡಿ, ಬರೀರಿ ಅಂತ ಎಷ್ಟು ಸಲ ಹೇಳಬೇಕು?"

ಚಿನ್ನಿ ಬೇರೆ ಯಾರೂ ಅಲ್ಲ, ಅವರದೇ ಬಾಲ್ಯ. ಚಿಕ್ಕವರಿದ್ದಾಗ ಒಂದು ಕಿವಿಗೆ ಮಾತ್ರ ತೊಂದರೆ, ಈಗ ಎರಡಕ್ಕೂ. ಫೋನ್‌ನಲ್ಲಿ ಮಾತು ಹಿಡಿಯುವುದು ಕಷ್ಟ ಅಂತ ಮೊದಲ ಮೀಟಿಂಗ್‌ನಲ್ಲೇ ಹೇಳಿದ್ದರು. ಭಿನ್ನತೆಯನ್ನು ಗೌರವಿಸಿ ಅಂತ ಮೂವತ್ತೆರಡು ಪುಟದ ಪುಸ್ತಕ ಮಾಡಿದ ಮನುಷ್ಯ, ಆ ಪುಸ್ತಕ ಬರೆದ ಕೈಗೇ ನಾಲ್ಕು ಮಿಸ್ಡ್ ಕಾಲ್ ಕೊಟ್ಟಿದ್ದೆ. ಫ್ಲಿಪ್ ಮಾಡಿದ್ದಕ್ಕಿಂತ ಇದೇ ಇವತ್ತಿಗೂ ಜಾಸ್ತಿ ಚುಚ್ಚುವುದು.

ವಿಷಯ ಬರೆದೆ. ಎರಡು ನಿಮಿಷ ಏನೂ ಬರಲಿಲ್ಲ. ಆಮೇಲೆ ಒಂದು ಸ್ಕ್ರೀನ್‌ಶಾಟ್. ಸ್ಟೋರಿಬೋರ್ಡ್ ಪಿಡಿಎಫ್, ಪುಟ 18, ಹಳದಿ ಕಾಮೆಂಟ್: "ಇದನ್ನು ತಿರುಗಿಸಬೇಡಿ. ಎಡಕಿವಿ." ಆ ಫೈಲಿನಲ್ಲಿ ಸೇಲ್ಸ್‌ನವರ ಕಾಮೆಂಟ್‌ಗಳೇ ನಲವತ್ತಕ್ಕೂ ಜಾಸ್ತಿ ಇದ್ದವು. "ನಾಯಿ ಬದಲು ಬೆಕ್ಕು ಇದ್ದರೆ?" ಥರದವು. ತಲೆ ಕೆಟ್ಟು ಎಲ್ಲ ಕಾಮೆಂಟೂ ಹೈಡ್ ಮಾಡಿ ಕೆಲಸ ಮಾಡಿದ್ದೆ. ಪ್ರೆಸ್ಸಿಗೆ ಕಳಿಸುವ ಮುಂಚೆ ಫೈಲ್ ಪರೀಕ್ಷಿಸುವ ಪ್ರಿಫ್ಲೈಟ್ ಬೇರೆ ಹಸಿರು ಟಿಕ್ ಕೊಟ್ಟಿತ್ತು. ರೆಸಲ್ಯೂಷನ್ 300, ಅಂಚಿನಾಚೆ ಬಿಡುವ ಬ್ಲೀಡ್ 3 ಮಿಮೀ, ಅಚ್ಚಿನ ನಾಲ್ಕು ಬಣ್ಣದ ಸಿಎಂವೈಕೆ, ಎಲ್ಲ ಸರಿ. ಅದಕ್ಕೆ ಕಿವಿ ಗೊತ್ತಾಗುವುದಿಲ್ಲ.

ಆಫೀಸಿನಲ್ಲಿ ಮೀಟಿಂಗ್. ಮ್ಯಾನೇಜರ್ ಮೊದಲ ಮಾತು, "ಮಕ್ಕಳು ಯಾರ್ರೀ ಗಮನಿಸ್ತಾರೆ ಇದನ್ನೆಲ್ಲ?" ನಾನು ಮಾರ್ಕೆಟಿಂಗ್ ಹುಡುಗನ ಕಡೆ ನೋಡಿದೆ. ಅವನು ಪುಣ್ಯಾತ್ಮ, ಸುಮ್ನೆ ಕ್ಯಾಮೆರಾ ಮೇಜಿನ ಮೇಲಿಟ್ಟು ವಿಡಿಯೋ ಹಾಕಿದ. ನನ್ನ ಸುಳ್ಳಿನ ಸಮೇತ ಎಲ್ಲರೂ ನೋಡಿದರು.

ಆಮೇಲೆ ಐಡಿಯಾಗಳು ಶುರು. ಚಿತ್ರ ಹಾಗೇ ಇರಲಿ, ಆ ಸಾಲಿನಲ್ಲಿ "ಬಲ" ತೆಗೆದು "ಎಡ" ಮಾಡಿ ಅಂದರು. ಅಕ್ಷರ ಎಲ್ಲ ಕಪ್ಪು ಪ್ಲೇಟಿನಲ್ಲಿರುತ್ತೆ, ಒಂದು ಪ್ಲೇಟ್‌ನಲ್ಲಿ ಮುಗಿಯುತ್ತೆ. ಮುಖಪುಟದ ಕಿವಿ ಏನು ಮಾಡೋಣ ಅಂತ ಕೇಳಿದೆ. ಹಾಗಾದರೆ ಎಲ್ಲ ಕಡೆ ಎರಡೂ ಕಿವಿಗೆ ಮಷೀನ್ ಹಾಕಿಬಿಡಿ, ಬೇಧಭಾವ ಇರಲ್ಲ ಅಂದರು ಸೇಲ್ಸ್‌ನವರು. ಎರಡೂ ಕಿವಿಗೆ ಹಾಕಿದರೆ ಆ ಕಡೆ ಈ ಕಡೆ ಅನ್ನುವ ಕಥೆಯೇ ಇರುವುದಿಲ್ಲ ಅಂತ ತಿಳಿಸಿ ಹೇಳುವುದಕ್ಕೆ ಹದಿನೈದು ನಿಮಿಷ ಹಿಡಿಯಿತು. ಈ ಪುಸ್ತಕವನ್ನು ಒಪ್ಪಿಸುವುದಕ್ಕೆ ಇದೇ ಕೋಣೆಯಲ್ಲಿ ನಾನೊಂದು ಸ್ಲೈಡ್ ತೋರಿಸಿದ್ದೆ. 1985ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು ಎಣಿಸಿ ನೋಡಿದಾಗ, ಅಮೆರಿಕದಲ್ಲಿ ಆ ವರ್ಷ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಲೇಖಕರು, ಕಲಾವಿದರು ಮಾಡಿದ್ದು ಬರೀ 18. ಅದರ ಕೆಳಗೆ 1990ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ ಬರೆದ ಮಾತು: ಪುಸ್ತಕ ಮಗುವಿಗೆ ಕಿಟಕಿಯೂ ಆಗಬೇಕು, ಕನ್ನಡಿಯೂ ಆಗಬೇಕು. ಅಷ್ಟು ಭಾಷಣ ಬಿಗಿದು, ಕೊನೆಗೆ ನಾನು ಅಕ್ಷರಶಃ ಕನ್ನಡಿಯನ್ನೇ ಮಾಡಿಟ್ಟಿದ್ದೆ.

ಪ್ರೆಸ್‌ನ ಫೋರ್‌ಮನ್‌ಗೆ ಫೋನ್ ಹೋಯಿತು. ಅವರಿಗೆ ನಮ್ಮ ಮೌಲ್ಯ, ಸಂದೇಶ ಯಾವುದೂ ಬೇಡ. "ಯಾವ ಪುಟ ಸಾರ್? 18-19ಆ? ಎರಡನೇ ಸೆಕ್ಷನ್ನು, ಎರಡೂ ಒಂದೇ ಫಾರ್ಮಲ್ಲಿ, ಅಂದ್ರೆ ಹಾಳೆಯ ಒಂದೇ ಮಗ್ಗುಲಲ್ಲಿ, ಕೂರ್ತವೆ. ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟು. ರಾತ್ರಿ ಒಂಬತ್ತರೊಳಗೆ ಫೈಲ್ ಕೊಟ್ರೆ ಹಾಕ್ತೀನಿ, ಇಲ್ಲಾಂದ್ರೆ ನಿಮ್ಮ ಸ್ಲಾಟ್ ಮುಂದಿನ ವಾರ." ಮುಂದಿನ ವಾರ ಅಂದರೆ ಪುಸ್ತಕ ಮೇಳ ಮುಗಿದಿರುತ್ತದೆ. ಆಗ ಗಂಟೆ ಆರೂವರೆ.

ಮೂಲ ಚಿತ್ರವನ್ನು ಹಾಗೇ ವಾಪಸ್ ಇಟ್ಟರೆ ನನ್ನ ಟೆಕ್ಸ್ಟ್ ಸರಿಯಾಗಿ ಚಿನ್ನಿಯ ಹಣೆಯ ಮೇಲೆ ಬರುತ್ತಿತ್ತು. ಇಲಸ್ಟ್ರೇಟರ್ ಜೊತೆ ಮೆಸೇಜ್‌ನಲ್ಲೇ ಕೂತೆವು. ನಾಯಿಯನ್ನು ಮಾತ್ರ ಬೇರೆ ಲೇಯರ್‌ನಿಂದ ತೆಗೆದು ಬಲಕ್ಕೆ ತಿರುಗಿಸಿ ಕಳಿಸಿದರು, ಕೆಳಗೆ ಒಂದು ಸಾಲು: "ನಾಯಿಗೆ ಎರಡೂ ಕಿವಿ ಕೇಳುತ್ತೆ, ತಿರುಗಿಸಬಹುದು." ಎರಡು ತಿಂಗಳ ಹಿಂದೆ ಒಂದು ಮಾತು ಕೇಳಿದ್ದರೆ ಆಗಲೇ ಸಿಗುತ್ತಿದ್ದ ಪರಿಹಾರ. ಎಂಟು ಐವತ್ತಕ್ಕೆ ಫೈಲ್ ಹೋಯಿತು.

ಇನ್ನೊಂದು ವಿಷಯ. ಪುಟ 30ರಲ್ಲಿ ಸೇಲ್ಸ್‌ನವರು ಹಠ ಹಿಡಿದು ಸೇರಿಸಿದ ಒಂದು ಸಾಲಿತ್ತು, ಎಲ್ಲರೂ ಬೇರೆಬೇರೆ ಇದ್ದರೂ ಎಲ್ಲರೂ ಒಂದೇ ಅನ್ನುವ ಧಾಟಿಯದು. ಅವತ್ತು ಕ್ಲಾಸಿನಲ್ಲಿ ನಾನದನ್ನು ಓದುವ ಹೊತ್ತಿಗೆ ಅರ್ಧ ಮಕ್ಕಳು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಪುಟ 30 ಕೂಡ ಅದೇ ಫಾರ್ಮ್‌ನಲ್ಲಿ ಕೂರುತ್ತದೆ. ಹೇಗೂ ಹೊಸ ಕಪ್ಪು ಪ್ಲೇಟ್ ಬರುತ್ತಿತ್ತು. ಆ ಸಾಲು ಇಲ್ಲದೆಯೇ ಬಂತು. ಇದನ್ನು ಬರೆಯುವ ಹೊತ್ತಿಗೆ ಯಾರೂ ಕೇಳಿಲ್ಲ.

ಈಗ ನನ್ನ ಮಾನಿಟರ್ ಮೇಲೆ ಒಂದು ಚೀಟಿ ಅಂಟಿದೆ: ಕಿವಿ, ಕೈ, ಕ್ಲಿಪ್, ಬೈತಲೆ. ಫ್ಲಿಪ್ ಮಾಡುವ ಮುಂಚೆ ಕೇಳು. ಮಕ್ಕಳ ಓದು ಪ್ಲೇಟಿಗೆ ಮುಂಚೆ ಆಗಬೇಕು ಅಂತ ಮೂರು ಸಲ ಮೇಲ್ ಹಾಕಿದ್ದೇನೆ. "ನೋಟೆಡ್" ಅಂತ ಉತ್ತರ ಬಂದಿದೆ. ಇಲಸ್ಟ್ರೇಟರ್ ನಂಬರನ್ನು "ಮೆಸೇಜ್ ಮಾತ್ರ" ಅಂತ ಸೇವ್ ಮಾಡಿಕೊಂಡಿದ್ದೇನೆ. ಹನ್ನೊಂದು ವರ್ಷ ಈ ಕೆಲಸ ಮಾಡಿದವನಿಗೆ ಇದು ಬೇಕಾಯಿತು ನೋಡಿ.

ಅಚ್ಚಾದ ಪುಸ್ತಕ ತಗೊಂಡು ಅದೇ ಕ್ಲಾಸಿಗೆ ಹೋದೆ. ಈ ಸಲ ತಪ್ಪು ನನ್ನದೇ ಅಂತ ಮೊದಲೇ ಹೇಳಿದೆ. ಅವರಿಗೆ ಅದು ಬೇಕಾಗಿರಲಿಲ್ಲ. ಮುಂದಿನ ಸಾಲಿನ ಹುಡುಗ 18ನೇ ಪುಟ ತೆಗೆದ, ಮುಖಪುಟ ನೋಡಿದ, ಮತ್ತೆ 18 ನೋಡಿದ. ಮುಖ ಸಣ್ಣದಾಯಿತು.

"ತಂಗಿ ಎಲ್ಲಿ ಹೋದಳು ಅಂಕಲ್?"