ಸೊನ್ನೆ ಉದುರಬಾರ್ದು ಅಂದ್ರೆ ಸೇತುವೆ ಬಿಡ್ಬೇಕು

ಹಬ್ಬ ಹತ್ರ ಬಂದ್ರೆ ಮಲ್ಲೇಶ್ವರಂ ಎಂಟನೇ ಕ್ರಾಸಲ್ಲಿ ರಂಗೋಲಿ ಜಾಲರಿ ತಟ್ಟೆಗಳು ರಾಶಿ ಬಿದ್ದಿರ್ತವೆ, ಪುಡಿ ಹಾಕಿ ಕೈಯಾಡ್ಸಿ ಎತ್ತಿದ್ರೆ ಮುಗೀತು (ನಮ್ಮಜ್ಜಿ ಇದನ್ನ ರಂಗೋಲಿ ಅಂತ ಒಪ್ಪಲ್ಲ ಬಿಡಿ). ಸ್ಟೆನ್ಸಿಲ್ ಅಂದ್ರೂ ಅಷ್ಟೇ, ತೂತಿರೋ ಕಡೆ ಮಾತ್ರ ಬಣ್ಣ ಇಳಿಯುತ್ತೆ.

ಆದ್ರೆ ಗೇಟ್ ಮೇಲೆ ಕನ್ನಡದಲ್ಲಿ ಬರೀಬೇಕು ಅಂತ ಓಎಚ್‌ಪಿ ಶೀಟಲ್ಲಿ (ಅದೇ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸ್ಟೆನ್ಸಿಲ್ ಕೊರೆಯೋಕೆ ಕೂತ್ರೆ ಗೊತ್ತಾಗುತ್ತೆ ಮಜಾ. ಇಂಗ್ಲಿಷಿನ ‘ಓ’ ಥರಾನೇ ನಮ್ಮ ಸೊನ್ನೆಯನ್ನೂ ಸುತ್ತ ಕೊರೆದ್ರೆ ನಡುವಿನ ಬಿಲ್ಲೆ ಉದುರಿಹೋಗುತ್ತೆ, ಅದಕ್ಕೆ ಅಲ್ಲಲ್ಲಿ ಸಣ್ಣ ಪಟ್ಟಿ ಬಿಟ್ಟು ಹಿಡಿಸ್ಬೇಕು, ಅದೇ ಸೇತುವೆ. ‘ಠ’ ಇನ್ನೂ ತರ್ಲೆ, ಒಳಗೊಂದು ಚುಕ್ಕಿ ಬೇರೆ! ಪಟ್ಟಿ ಎರಡು ಮಿಲಿಮೀಟರಾದ್ರೂ ಇರ್ಲಿ, ತೀರಾ ತೆಳು ಮಾಡಿದ್ರೆ ಬಣ್ಣ ಒರೆಸೋವಾಗ ಕಿತ್ತು ಬರುತ್ತೆ. ಒತ್ತಕ್ಷರಾನ ಮೇಲಿನ ಅಕ್ಷರಕ್ಕೆ ಅಂಟಿಸ್ಬೇಡಿ, ಗ್ಯಾಪ್ ಬಿಡಿ.

ಬಣ್ಣ ಜಾಸ್ತಿ ಆದ್ರೆ ಅಂಚಿನಡಿ ನುಗ್ಗುತ್ತೆ. ಸ್ಪಂಜಿಗೆ ಹಚ್ಚಿ, ಮೊದ್ಲು ಹಳೇ ಪೇಪರ್ ಮೇಲೆ ಒತ್ತಿ ಒಣಗಿದಂಗೆ ಮಾಡ್ಕೊಂಡು, ಆಮೇಲೆ ಮೆಲ್ಲಗೆ ತಟ್ಟಿ, ಉಜ್ಜಬೇಡಿ. ಸ್ಪ್ರೇ ಆದ್ರೆ ನೇರ ಎದುರಿಂದ, ತೆಳ್ಳಗೆ ಎರಡು ಕೋಟ್. ಗೋಡೆಗೆ ಹೂಬಳ್ಳಿ ಬಾರ್ಡರಿಗೂ ಇದೇ ಲೆಕ್ಕ, ಆದ್ರೆ ಪ್ರತಿ ಸಲ ಶೀಟಿನ ಹಿಂಭಾಗ ಒರೆಸ್ಕೊಂಡೇ ಮುಂದಕ್ಕೆ ಇಡಿ.