ಬೆಟ್ಟ ಹತ್ತಿದರೆ ಏನು ಸಿಗುತ್ತೆ ಅಂತ ಕೇಳುವವರಿಗೆ

"ಅಲ್ಲ ಮಾರಾಯ, ಆ ಬೆಟ್ಟಗಳನ್ನೆಲ್ಲ ಹತ್ತಿದರೆ ನಿನಗೆ ಸಿಗೋದಾದ್ರೂ ಏನು? ಅದಕ್ಕೊಂದು ಲಿಸ್ಟ್ ಬೇರೆ!"

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಈ ಪ್ರಶ್ನೆ ಕೇಳುತ್ತಾರೆ. ಉಳಿದರ್ಧ ಜನ ಬಾಕಿ ಬರೆದುಕೋ ಅನ್ನುತ್ತಾರೆ. ಎರಡಕ್ಕೂ ನಗುತ್ತಾ ತಲೆ ಆಡಿಸಿ ಸಾಕಾಗಿದೆ. ಇನ್ನು ಮೇಲೆ ಬೆಟ್ಟದ ಬಗ್ಗೆ ಕೇಳಿದವರಿಗೆ ಇದನ್ನೇ ಮೊಬೈಲ್‌ಗೆ ಕಳಿಸುತ್ತೇನೆ.

ಏನೂ ಸಿಗಲ್ಲ. ಆಯ್ತಾ? ಮೇಲೆ ಗಾಳಿ ಇರುತ್ತೆ, ಹುಲ್ಲು ಇರುತ್ತೆ, ಯಾರೋ ಎಸೆದು ಹೋದ ಚಿಪ್ಸ್ ಪ್ಯಾಕೆಟ್ ಇರುತ್ತೆ. ಮಂಜು ಇಳಿದಿದ್ದರೆ ಅದೂ ಕಾಣಲ್ಲ. ಇಡೀ ದಿನ ಇಸ್ಪೀಟ್ ಆಡಿ ಎದ್ದವನಿಗೆ ಯಾರೂ "ಏನು ಸಿಕ್ತು" ಅಂತ ಕೇಳೋದಿಲ್ಲ, ಏಕೆಂದರೆ ಅವನಿಗೆ ಏನೂ ಸಿಕ್ಕಿಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಅವನು ಮರ್ಯಾದಸ್ಥ. ನಾವಿಬ್ಬರು ಮಾತ್ರ ಲೆಕ್ಕ ಒಪ್ಪಿಸಬೇಕು.

ನಾವಿಬ್ಬರು ಅಂದರೆ ನಾನು ಮತ್ತು ನನ್ನ ಗೆಳೆಯ. ಅವನು ಮೇಷ್ಟ್ರು. ಅವನಿಗೆ ಬೇಸಿಗೆ ರಜೆ ಸಿಗುವಾಗ ಬೆಟ್ಟದ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಇರುತ್ತೆ. ಫೆಬ್ರವರಿ, ಮಾರ್ಚ್ ಬಂತು ಅಂದರೆ ಕಾಫಿ ಹೂವಿಗೆ ನೀರು ಹಾರಿಸಲು ಜಿಲ್ಲೆಯ ಎಲ್ಲ ಪಂಪ್‌ಗಳೂ ಒಟ್ಟಿಗೆ ಕೆಡುತ್ತವೆ, ನನಗೆ ಊಟಕ್ಕೂ ಪುರುಸೊತ್ತಿಲ್ಲ. ಮಳೆಗಾಲ ಜಿಗಣೆಗಳಿಗೆ ಸೇರಿದ್ದು. ಹಾಗಾಗಿ ದಸರಾ ರಜೆಯಿಂದ ಜನವರಿವರೆಗೆ ಯಾವುದಾದರೂ ಭಾನುವಾರ ಮದುವೆ, ತಿಥಿ, ಚುನಾವಣೆ ಡ್ಯೂಟಿ ಏನೂ ಇಲ್ಲದಿದ್ದರೆ ಹೊರಡುತ್ತೇವೆ.

ಲಿಸ್ಟ್ ಇರುವುದು ಅಂಗಡಿಯ ಬಿಲ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿ, ಕೋಟೆಬೆಟ್ಟ, ಮಂಡಲಪಟ್ಟಿ, ನಿಶಾನಿ ಮೊಟ್ಟೆ, ಹೀಗೆ. ಇದರಲ್ಲಿ ಮಂಡಲಪಟ್ಟಿ ಹೆಸರು ಕೇಳಿದ ಕೂಡಲೇ ಎಲ್ಲರದ್ದೂ ಒಂದೇ ಮಾತು: "ಅಲ್ಲಿಗೆ ಜೀಪ್ ಹೋಗುತ್ತಲ್ಲ!" ಹೋಗುತ್ತೆ. ನಾವು ನಡೆದು ಹೋದ ದಿನ ಒಬ್ಬ ಜೀಪ್ ಡ್ರೈವರ್ ಪಾಪ ಅಂತ ಬ್ರೇಕ್ ಹಾಕಿ, "ದುಡ್ಡು ಬೇಡ, ಹತ್ಕೊಳ್ಳಿ ಅಣ್ಣ" ಅಂದ. ನಾವು ಬೇಡ ಅಂದಾಗ ಅವನು ನೋಡಿದ ನೋಟ ಇದೆಯಲ್ಲ, ಅದನ್ನು ನಮ್ಮ ಹೆಂಡತಿಯರು ಆಗಲೇ ನೋಡಿ ಮುಗಿಸಿದ್ದಾರೆ.

ಇನ್ನು ಲಿಸ್ಟ್ ಯಾಕೆ ಅಂತ. ಲಿಸ್ಟ್ ಇಲ್ಲದಿದ್ದರೆ ನಾವು ಪ್ರತಿ ಸಲ ತಡಿಯಂಡಮೋಳ್‌ಗೇ ಹೋಗುತ್ತಿದ್ದೆವು. ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಅದೇ, 1,748 ಮೀಟರ್, ಆದರೆ ದಾರಿ ಸಲೀಸು. ನಾಲ್ಕುನಾಡು ಅರಮನೆ ಹತ್ತಿರ ಗಾಡಿ ನಿಲ್ಲಿಸಿ, 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು ಅಂತ ಮೇಷ್ಟ್ರು ಪ್ರತಿ ಸಲ ನನಗೆ ಹೊಸದಾಗಿ ಹೇಳಿ, ನಡೆಯಲು ಶುರು ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತೆ. ಮನುಷ್ಯನ ಕಾಲು ಗೊತ್ತಿರುವ ದಾರಿಗೇ ಹೋಗುತ್ತೆ. ಕೋಟೆಬೆಟ್ಟಕ್ಕೆ ನಮ್ಮನ್ನು ಎಳೆದುಕೊಂಡು ಹೋಗಿದ್ದು ಆ ರಟ್ಟು.

ಲಿಸ್ಟ್ ಇಟ್ಟುಕೊಂಡು ಹತ್ತುವ ಹುಚ್ಚು ನಾವು ಕಂಡುಹಿಡಿದಿದ್ದೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ಹ್ಯೂ ಮನ್ರೋ ಅನ್ನುವ ಸಾಹೇಬ 1891ರಲ್ಲಿ ಅಲ್ಲಿನ 3,000 ಅಡಿ ದಾಟಿದ ಬೆಟ್ಟಗಳ ಪಟ್ಟಿ ಮಾಡಿದ. ಈಗ ಆ ಪಟ್ಟಿಯಲ್ಲಿ 282 ಬೆಟ್ಟ ಇವೆ, ಅವನ್ನೆಲ್ಲ ಮುಗಿಸಬೇಕು ಅಂತಲೇ ಜನ ಬದುಕುತ್ತಾರೆ. ಪಟ್ಟಿ ಮಾಡಿದ ಮನ್ರೋ ಮಾತ್ರ ಅದನ್ನು ಪೂರ್ತಿ ಮಾಡದೆ 1919ರಲ್ಲಿ ತೀರಿಕೊಂಡ. ಮೊದಲು ಮುಗಿಸಿದ್ದು ರಾಬರ್ಟ್‌ಸನ್ ಅನ್ನುವ ಪಾದ್ರಿ, 1901ರಲ್ಲಿ. ಅವನ ಮೇಲೂ ಒಂದು ಅನುಮಾನ ಇದೆ. ಬೆನ್ ವೈವಿಸ್ ಅನ್ನೋ ಬೆಟ್ಟದಲ್ಲಿ ಮಳೆ ಬಂತು ಅಂತ ತುದಿ ಮುಟ್ಟದೆ ಇಳಿದುಬಿಟ್ಟಿದ್ದ ಅಂತ. ನನಗೆ ಈ ಪಾದ್ರಿಯ ಮೇಲೆ ತುಂಬಾ ಪ್ರೀತಿ. ಮಳೆ ಬಂತು, ಇಳಿದ. ಅಷ್ಟೇ ಅಲ್ವಾ?

ಇಲ್ಲಿ ಒಬ್ಬರ ಪ್ರಶ್ನೆಯನ್ನು ಮಾತ್ರ ಬೇರೆ ಇಡಬೇಕು. ಮೇಷ್ಟ್ರ ಅಮ್ಮ. ಅವರ ಮನೆ ಮಾದಾಪುರದ ಕಡೆ. 2018ರ ಆಗಸ್ಟ್‌ನಲ್ಲಿ ಆ ಸೀಮೆಯ ಗುಡ್ಡಗಳು ಹೇಗೆ ಜಾರಿದವು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ಕೋಟೆಬೆಟ್ಟಕ್ಕೆ ಹೊರಟ ಬೆಳಿಗ್ಗೆ ಅವರು ಕಾಫಿ ಲೋಟ ಕೈಗೆ ಕೊಡುತ್ತಾ, "ಅವತ್ತು ಬೆಟ್ಟವೇ ಬಾಗಿಲಿಗೆ ಬಂದಿತ್ತು, ಈಗ ನೀವ್ಯಾಕೆ ಮಕ್ಕಳೇ ಅದನ್ನ ಹುಡುಕ್ಕೊಂಡು ಹೋಗೋದು?" ಅಂದರು. ಇದಕ್ಕೆ ಅವತ್ತೂ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಕಾಫಿ ಕುಡಿದು ಹೊರಟೆವು. ಹಿಂದೆ ಬಂದು ರೊಟ್ಟಿ ಬುತ್ತಿಯನ್ನೂ ಅವರೇ ಕೊಟ್ಟರು.

ಉಳಿದವರೆಲ್ಲ ತುದಿಯ ಬಗ್ಗೆ ಕೇಳುತ್ತಾರೆ. ತುದಿ ಮುಟ್ಟದೆ ಬಂದದ್ದು ಉಂಟಾ, ಯಾಕೆ ಬಂದಿರಿ, ಯಾರು ಮೊದಲು ಬೇಡ ಅಂದರು, ಆಮೇಲೆ ನೀವಿಬ್ಬರು ಮಾತಾಡಿದಿರಾ ಅಂತ ಒಬ್ಬನೂ ಕೇಳಿಲ್ಲ. ಅದನ್ನು ಕೇಳಿದ್ದರೆ ಅಂಗಡಿ ಶಟರ್ ಎಳೆದು ಕೂತು ಹೇಳುತ್ತಿದ್ದೆ.

ಪುಷ್ಪಗಿರಿಯಲ್ಲಿ ಆಗಿದ್ದು. ದಕ್ಷಿಣ ಕನ್ನಡದವರಿಗೆ ಅದು ಕುಮಾರ ಪರ್ವತ. ಅವರು ಕುಕ್ಕೆ ಕಡೆಯಿಂದ ಭಟ್ಟರ ಮನೆ, ಶೇಷಪರ್ವತ ಅಂತ ದೂರದ ದಾರಿ ಹಿಡಿದು ಬರುತ್ತಾರೆ. ನಾವು ಸೋಮವಾರಪೇಟೆ ಕಡೆಯಿಂದ, ಬೀದಳ್ಳಿ ಮೇಲೆ. ದಾರಿ ಕಡಿಮೆ, ಆದರೆ ಕಾಡಿನೊಳಗೇ ಕಡಿದಾದ ಏರು, ಕೊನೆಗೆ ಬಂಡೆ. ಹಿಂದಿನ ರಾತ್ರಿ ಅಕಾಲದ ಮಳೆ ಬಿದ್ದಿತ್ತು. ಬಂಡೆ ದೂರಕ್ಕೆ ಒಣಗಿದಂತೆಯೇ ಕಾಣುತ್ತಿತ್ತು. ಹತ್ತಿರ ಹೋಗಿ ಅಂಗೈ ಇಟ್ಟಾಗ ಗೊತ್ತಾಯಿತು, ಮೇಲಿನಿಂದ ಕೆಳಗಿನವರೆಗೆ ಕಾಗದದಷ್ಟು ತೆಳ್ಳಗೆ ನೀರು ಹರಿಯುತ್ತಿದೆ, ಸದ್ದೇ ಇಲ್ಲದೆ. ಕಪ್ಪು ಪಾಚಿ ಉಗುರಿಗೆ ಲೋಳೆಯಂತೆ ಬಂತು. ಶೂ ಇಟ್ಟು ಭಾರ ಹಾಕಿದರೆ ಒಂದು ಕ್ಷಣ ನಿಲ್ಲುತ್ತೆ, ಆಮೇಲೆ ಬೆರಳಗಲ ಜಾರುತ್ತೆ. ಬೆರಳಗಲವೇ. ಆದರೆ ಕೆಳಗೆ ಹಿಡಿಯಲು ಏನೂ ಇಲ್ಲ.

ಮೇಲೆ ಹೋಗಿ ಆಗಿದ್ದ ನಾಲ್ಕೈದು ಹುಡುಗರು ಬಂಡೆಯ ತಲೆಯ ಮೇಲೆ ನಿಂತು, "ಬನ್ನಿ ಅಂಕಲ್, ಐದೇ ನಿಮಿಷ!" ಅಂತ ಕೂಗುತ್ತಿದ್ದರು. ನನಗೆ ಹೋಗಬೇಕು ಅಂತಲೇ ಇತ್ತು. ಅಂಕಲ್ ಅಂದದ್ದಕ್ಕಾದರೂ ಹೋಗಬೇಕಿತ್ತು. ಆಗ ಮೇಷ್ಟ್ರು "ಸಾಕು" ಅಂದ.

ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಇಬ್ಬರಲ್ಲಿ ಒಬ್ಬ ಸಾಕು ಅಂದರೆ ಇನ್ನೊಬ್ಬ ಯಾಕೆ ಅಂತ ಕೇಳುವ ಹಾಗಿಲ್ಲ. ಅಲ್ಲೂ ಕೇಳುವ ಹಾಗಿಲ್ಲ, ಕೆಳಗೆ ಬಂದ ಮೇಲೂ ಕೇಳುವ ಹಾಗಿಲ್ಲ, ನಾಲ್ಕು ಜನರ ಮುಂದೆ ತಮಾಷೆ ಮಾಡಿ ಹೇಳುವ ಹಾಗಂತೂ ಇಲ್ಲವೇ ಇಲ್ಲ. ಯಾಕೆ ಅಂತ ಕೇಳಿದರೆ ಅವನು ಕಾರಣ ಹುಡುಕಬೇಕು, ಹುಡುಕಿದ ಕಾರಣಕ್ಕೆ ನಾನು ಉತ್ತರ ಕೊಡುತ್ತೇನೆ, ವಾದದಲ್ಲಿ ಸೋತವನು ಆಮೇಲೆ ಬಂಡೆ ಹತ್ತುತ್ತಾನೆ. ಹಾಗೆ ಹತ್ತುವವನ ಕಾಲು ಗಟ್ಟಿ ನಿಲ್ಲಲ್ಲ.

ಅಲ್ಲೇ ಮರದ ಬೇರಿನ ಮೇಲೆ ಕೂತು ಅಕ್ಕಿ ರೊಟ್ಟಿ, ನಿಂಬೆ ಉಪ್ಪಿನಕಾಯಿ ತಿಂದೆವು. ನನಗೆ ಸಿಟ್ಟಿತ್ತು, ಸುಳ್ಳು ಯಾಕೆ. ಇಳಿಯುವಾಗ ಬಹಳ ಹೊತ್ತು ನಾನು ಮಾತಾಡಲಿಲ್ಲ. ಅವನೂ ಸಮಾಧಾನ ಮಾಡಲು ಬರಲಿಲ್ಲ. ಚೆಕ್‌ಪೋಸ್ಟ್ ಹತ್ತಿರ ಬಂದಾಗ ಅವನ ಶಾಲೆಯ ಬಿಸಿಯೂಟದ ಬೇಳೆ ಲೆಕ್ಕದ ಯಾವುದೋ ರಗಳೆ ಹೇಳಲು ಶುರು ಮಾಡಿದ, ನಾನೂ ಹೂಂಗುಟ್ಟಿದೆ. ಹಾಗೆ ಸರಿಹೋಯಿತು.

ತುದಿ ಮುಟ್ಟಲಿಲ್ಲ ಅಂತ ಗೊತ್ತಾದ ಮೇಲೆ ಕೆಲವರು ಹೇಳುವುದು, "ಹಾಗಾದ್ರೆ ಅಲ್ಲಿವರೆಗೆ ಹೋಗಿದ್ದು ವೇಸ್ಟ್ ಆಯ್ತಲ್ಲ." ಪಂಪ್ ಬಿಚ್ಚಿ ನೋಡಿ ಇದು ಆಗಲ್ಲ ಅಂತ ಹೇಳುವುದಕ್ಕೂ ನಾನು ಚಾರ್ಜ್ ಮಾಡುತ್ತೇನೆ ಸ್ವಾಮಿ. ಆಗಲ್ಲ ಅಂತ ಗೊತ್ತಾಗುವುದೂ ಕೆಲಸವೇ.

ರಟ್ಟಿನ ಮೇಲೆ ಪುಷ್ಪಗಿರಿಯ ಎದುರು ಟಿಕ್ ಇಲ್ಲ. ಬಾಕಿ ಅಂತ ಬರೆದಿದ್ದೇನೆ. ಬಡ್ಡಿ ಬೀಳದ ಬಾಕಿ ಅದೊಂದೇ. ಉಳಿದವೆಲ್ಲ ಮುಗಿದಿರುವುದರಿಂದ ಜನ ಈಗ "ಅದೊಂದು ಮುಗಿಸಿಬಿಡು" ಅಂತ ನನಗಿಂತ ಜಾಸ್ತಿ ಅವಸರ ಮಾಡುತ್ತಾರೆ. ಏನು ಸಿಗುತ್ತೆ ಅಂತ ಕೇಳಿದವರೇ!

2024ರ ಜನವರಿಯಲ್ಲಿ ಕುಕ್ಕೆ ಕಡೆಯ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೋ ಎಲ್ಲರೂ ನೋಡಿದ್ದೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಒಳ್ಳೆಯದೇ ಆಯಿತು. ಬಂಡೆ ತಲೆಯ ಮೇಲೆ ನಿಂತು ಕೂಗುವವರು ಸ್ವಲ್ಪ ಕಡಿಮೆ ಆಗಿರಬಹುದು.

ಮೇಷ್ಟ್ರ ಶಾಲೆಯ ವಾರ್ಷಿಕೋತ್ಸವ ಮುಗಿದು, ಮಳೆ ಬಿದ್ದು ಒಂದು ವಾರವಾದರೂ ಆಗಿರುವ ಭಾನುವಾರ ನೋಡಿ ಮತ್ತೆ ಹೋಗುವವರಿದ್ದೇವೆ. ಜೊತೆಗೆ ಬರುವವರು ಬರಬಹುದು, ಬುತ್ತಿ ನಿಮ್ಮದೇ. "ಐದೇ ನಿಮಿಷ" ಅನ್ನುವವರು ದಯವಿಟ್ಟು ಮಂಡಲಪಟ್ಟಿಗೆ ಹೋಗಿ. ಜೀಪ್ ಹೋಗುತ್ತೆ.