ಹುಬ್ಬಳ್ಳಿ-ಧಾರವಾಡದ ಮೇಯರ್ ಆಗುವವರು ಮೊದಲು ಅಳೆಯಬೇಕಾದ್ದು

ಹುಬ್ಬಳ್ಳಿ-ಧಾರವಾಡದಲ್ಲಿ ಮೇಯರ್ ಗಾದಿ ಒಂದು ವರ್ಷದ್ದು. 82 ವಾರ್ಡುಗಳ ಪಾಲಿಕೆ, ಸರದಿಯಂತೆ ಬದಲಾಗುವ ಮೀಸಲಾತಿ, ಕೆಲಸ ಮಾಡಿಸುವ ಅಧಿಕಾರ ಆಯುಕ್ತರದು. ಹೀಗಿರುವಾಗ ಫ್ಲೈಓವರ್ ತರುತ್ತೇನೆ, ಹೊಸ ನೀರಿನ ಯೋಜನೆ ತರುತ್ತೇನೆ ಅಂತ ಯಾರಾದರೂ ಮಾತು ಕೊಟ್ಟರೆ ಅದು ಅವರ ಕೈಯಲ್ಲಿ ಇಲ್ಲದ ಮಾತು. ಅವರ ಕೈಯಲ್ಲಿರುವುದು ಸಾಮಾನ್ಯ ಸಭೆ, ಬಜೆಟ್ ಚರ್ಚೆ ಮತ್ತು ಲೆಕ್ಕ ಕೇಳುವ ಹಕ್ಕು. ಅದಷ್ಟನ್ನೂ ನೀರಿನ ಸೋರಿಕೆಯ ಮೇಲೆ ಹಾಕಬೇಕು ಅನ್ನುವುದು ನನ್ನ ವಾದ. ಒಂದು ವರ್ಷದಲ್ಲಿ ಕಣ್ಣಿಗೆ ಕಾಣುವಷ್ಟು ಫಲ ಸಿಗುವ ಕೆಲಸ ಇದು.

2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9,43,788. ಲೆಕ್ಕಕ್ಕೆ ಸುಲಭವಾಗಲಿ ಅಂತ ಹತ್ತು ಲಕ್ಷ ಹಿಡಿಯೋಣ. ತಲೆಗೆ ದಿನಕ್ಕೆ 135 ಲೀಟರ್ ಅಂದರೆ 13.5 ಕೋಟಿ ಲೀಟರ್ ಮನೆ ಮುಟ್ಟಬೇಕು. ದಾರಿಯಲ್ಲಿ ನೂರಕ್ಕೆ ಮೂವತ್ತು ಸೋರಿದರೆ ಅಷ್ಟು ಮುಟ್ಟಿಸಲು 19.3 ಕೋಟಿ ಲೀಟರ್ ಪಂಪ್ ಮಾಡಬೇಕಾಗುತ್ತದೆ. ಮಲಪ್ರಭೆಯ ನೀರನ್ನು ಸವದತ್ತಿಯಿಂದ ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧ ಮಾಡಿ, ಕರೆಂಟ್ ಬಿಲ್ಲು ಕಟ್ಟಿ, ಕೊನೆಗೆ ಮಣ್ಣಿಗೆ ಬಿಟ್ಟಂತೆ.

ಸೋರುವುದು ಎಲ್ಲಿ? ದೊಡ್ಡ ಪೈಪು ಒಡೆದರೆ ರಸ್ತೆ ಕೆರೆಯಾಗುತ್ತದೆ, ಅದೇ ದಿನ ಜನ ಫೋನ್ ಮಾಡುತ್ತಾರೆ. ವರ್ಷಗಟ್ಟಲೆ ಯಾರಿಗೂ ಕಾಣದೆ ಸೋರುವುದು ಮನೆ ಕನೆಕ್ಷನ್. ಬೀದಿಯ ಪೈಪಿಗೆ ತೂತು ಹಾಕಿ ಮನೆಗೆ ನೀರು ತೆಗೆಯುವ ಫೆರೂಲ್ ಅನ್ನುವ ಜೋಡಣೆ ಕೂರಿಸುತ್ತಾರಲ್ಲ, ಆ ಸಂದಿಯಲ್ಲಿ. ಅಲ್ಲಿಂದ ಮನೆಯವರೆಗೆ ಹೋಗುವ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹೊರಗಿನಿಂದ ತುಕ್ಕು ಹಿಡಿದು ಜರಡಿಯಾಗಿರುತ್ತದೆ. ಮೇಲಾಗಿ ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಪ್ರತಿ ವರ್ಷ ಪೈಪಿನ ಜೋಡಣೆಯನ್ನು ಎಳೆದಾಡುತ್ತದೆ. ಪೈಪಿನ ಸುತ್ತ ನಾಲ್ಕಾರು ಇಂಚು ಉಸುಕು ಹಾಕದೆ ಅಗೆದ ಮಣ್ಣನ್ನೇ ಮುಚ್ಚಿದ ಕಡೆ ಈ ಎಳೆತ ನೇರ ಫೆರೂಲಿಗೇ ಬೀಳುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ಸೋರುವ ಸಂದಿ, ಪೈಪಿನಲ್ಲಿ ಸದಾ ನೀರಿದ್ದರೆ, ದಿನಕ್ಕೆ 1,440 ಲೀಟರ್ ಕುಡಿಯುತ್ತದೆ. ಹತ್ತು ಮಂದಿಯ ಪಾಲು!

ನೀರು ಬಾರದ ದಿನಗಳಲ್ಲಿ ಇದೇ ಸಂದಿ ಬೇರೆ ಕೆಲಸ ಮಾಡುತ್ತದೆ. ಪೈಪು ಖಾಲಿಯಾದಾಗ ಪಕ್ಕದ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಊರಿನಲ್ಲೇ 24 ತಾಸು ನೀರಿನ ಪ್ರಾಯೋಗಿಕ ವಲಯಗಳು 2008ರಿಂದ ಇರುವುದರಿಂದ ಅವನ್ನೂ ಊರಿನ ಉಳಿದ ಕಡೆಯನ್ನೂ ಹೋಲಿಸಿ ಅಧ್ಯಯನ ನಡೆಯಿತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ನೀರು ಬರುವ ಕಡೆಯ ನಳದ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲದಿಂದ ನೀರಿಗೆ ಸೇರುವ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತು. 24 ತಾಸಿನ ವಲಯದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಮ್ಮಿನಭಾವಿಯಲ್ಲಿ ಎಷ್ಟೇ ಕ್ಲೋರಿನ್ ಹಾಕಿದರೂ ಬೀದಿಯ ಪೈಪು ಖಾಲಿ ಬಿದ್ದಿರುವತನಕ ಈ ಅಂತರ ಹೋಗುವುದಿಲ್ಲ. ನೀರು ಬಿಟ್ಟ ಮೊದಲ ಕೆಲವು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ ಅಂತ ಹಿರಿಯರು ಹೇಳುವುದು ಇದಕ್ಕೇ.

ಹಾಗಾಗಿ ಮೊದಲ ಸಾಮಾನ್ಯ ಸಭೆಯಲ್ಲಿ ಕೇಳಬೇಕಾದ್ದು: ಪ್ರತಿ ಓವರ್‌ಹೆಡ್ ಟ್ಯಾಂಕಿನ ಹೊರಹರಿವಿಗೆ ಮೀಟರ್ ಇದೆಯೇ, ಅದು ಓಡುತ್ತಿದೆಯೇ? ಮೀಟರನ್ನು ಬೆಂಡಿನ ಅಥವಾ ವಾಲ್ವಿನ ಮಗ್ಗುಲಲ್ಲೇ ಕೂರಿಸಿದ್ದರೆ ಅದು ತೋರಿಸುವ ಅಂಕಿ ನಂಬುವಂತಿಲ್ಲ. ವಿದ್ಯುತ್ಕಾಂತೀಯ ಮೀಟರಿಗೆ ಹಿಂದೆ ಪೈಪಿನ ವ್ಯಾಸದ ಐದು ಪಟ್ಟಾದರೂ ನೇರ ಪೈಪು ಬೇಕು. 300 ಮಿಲಿಮೀಟರ್ ಪೈಪಾದರೆ ಒಂದೂವರೆ ಮೀಟರ್. 24 ತಾಸಿನ ವಲಯದಲ್ಲಿ ರಾತ್ರಿ ಎರಡರಿಂದ ನಾಲ್ಕರ ಹರಿವನ್ನು ನೋಡಬೇಕು. ಊರು ಮಲಗಿದಾಗ ಹರಿಯುವುದರಲ್ಲಿ ಬಹುಪಾಲು ಸೋರಿಕೆಯೇ. ಆದರೆ ಸರದಿಯ ಮೇಲೆ ಬಿಟ್ಟು ಬಿಟ್ಟು ನೀರು ಬರುವ ವಾರ್ಡಿನಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಯಾಕೆಂದರೆ ನೀರು ಬಿಟ್ಟಾಗ ರಾತ್ರಿಯಾದರೂ ಸಂಪುಗಳು ತುಂಬುತ್ತಿರುತ್ತವೆ. ಅಲ್ಲಿ ಒಂದು ಸರದಿಯಲ್ಲಿ ಟ್ಯಾಂಕಿನಿಂದ ಹೊರಟ ನೀರನ್ನೂ ಮನೆ ಮೀಟರುಗಳ ಒಟ್ಟು ಓದನ್ನೂ ತಾಳೆ ಹಾಕಬೇಕು. ಅತಿ ಹೆಚ್ಚು ವ್ಯತ್ಯಾಸ ಬಂದ ಹತ್ತು ವಲಯ ಆರಿಸಿಕೊಂಡು, ಫೆರೂಲಿನಿಂದ ಮನೆ ಮೀಟರಿನವರೆಗೆ ತುಕ್ಕು ಹಿಡಿಯದ ಎಂಡಿಪಿಇ ಪ್ಲಾಸ್ಟಿಕ್ ಪೈಪಿಗೆ ಬದಲಿಸಲು ಬಜೆಟ್ಟಿನಲ್ಲಿ ಪ್ರತ್ಯೇಕ ಹಣ ಇಡಿಸಬೇಕು. ಬೀದಿಯ ಪೈಪು ಮಾತ್ರ ಹೊಸದು ಮಾಡಿ ಹಳೆಯ ಕನೆಕ್ಷನ್ನನ್ನೇ ಮತ್ತೆ ಜೋಡಿಸಿದರೆ ಸೋರಿಕೆ ಇದ್ದಲ್ಲೇ ಇರುತ್ತದೆ.

ಇದಕ್ಕೆ ರಸ್ತೆ ಅಗೆಯಲೇಬೇಕು, ಜನರ ಬೈಗುಳ ಶುರುವಾಗುವುದೂ ಇಲ್ಲಿಯೇ. ತಗ್ಗಿಗೆ ಎರೆ ಮಣ್ಣನ್ನೇ ತುಂಬಿ ಮೇಲೆ ಡಾಂಬರು ಬಳಿದರೆ ಮೊದಲ ಮಳೆಗೆ ಕುಸಿಯುತ್ತದೆ. ಗರಸು ಹಾಕಬೇಕು, 15ರಿಂದ 20 ಸೆಂಟಿಮೀಟರಿನ ಪದರಗಳಲ್ಲಿ ನೀರು ಚಿಮುಕಿಸಿ ಪ್ರತಿ ಪದರವನ್ನೂ ದಮ್ಮಸು ಮಾಡಬೇಕು. ಪದರ ಪದರದ ಫೋಟೋ ಇಲ್ಲದೆ ಗುತ್ತಿಗೆದಾರರ ಬಿಲ್ಲು ಪಾಸಾಗಬಾರದು ಅಂತ ಒಂದು ಠರಾವು ಸಾಕು.

ಊರು ಬೆಳೆಯುತ್ತಿರುವ ಅಂಚಿನಲ್ಲಿ ಇನ್ನೊಂದು ತೊಂದರೆ. ಹೊಸ ಬಡಾವಣೆಗಳನ್ನು ಹತ್ತಿರದ 24 ತಾಸಿನ ವಲಯಕ್ಕೇ ಗಂಟು ಹಾಕಿದರೆ ಅಲ್ಲಿನ ಒತ್ತಡ ಬೀಳುತ್ತದೆ. ಎರಡಂತಸ್ತಿನ ಮನೆಗೆ ನೀರು ತಾನಾಗಿ ಏರಲು 12 ಮೀಟರ್ ಒತ್ತಡ, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ಏರಿಸುವ ಒತ್ತಡ ಬೇಕು. ಅದು ಸಿಗದಾಗ ಜನ ಪೈಪಿಗೇ ಮೋಟಾರ್ ಹಚ್ಚುತ್ತಾರೆ, ಸಾಲಿನ ಕೊನೆಯ ಮನೆ ಒಣಗುತ್ತದೆ. ಟ್ಯಾಂಕ್ ಮತ್ತು ಯುಜಿಡಿ (ಒಳಚರಂಡಿ) ಸಂಪರ್ಕ ಎರಡೂ ತೋರಿಸದ ಬಡಾವಣೆಯನ್ನು ಪಾಲಿಕೆ ವಹಿಸಿಕೊಳ್ಳಬಾರದು. ಮನೆಗೆ ಹೋದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬರುತ್ತದೆ. ಯುಜಿಡಿ ಇಲ್ಲದಿದ್ದರೆ ಅದು ಹುಡುಕಿಕೊಳ್ಳುವ ದಾರಿ ನಾಲಾ.

ಹಣ ಎಲ್ಲಿಂದ ಅನ್ನುವವರಿಗೆ: ವಿದ್ಯುತ್ ಕಂಪನಿ ಹೆಸ್ಕಾಂನ ಆರ್‌ಆರ್ ನಂಬರುಗಳ (ಕರೆಂಟ್ ಸಂಪರ್ಕದ ಸಂಖ್ಯೆಗಳ) ಪಟ್ಟಿಯನ್ನೂ ಆಸ್ತಿ ತೆರಿಗೆಯ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿ. ಕರೆಂಟ್ ಮೀಟರ್ ಇದ್ದು ತೆರಿಗೆ ಪಟ್ಟಿಯಲ್ಲಿ ಇಲ್ಲದ ಕಟ್ಟಡಗಳು ತಾವಾಗಿ ಎದ್ದು ಕಾಣುತ್ತವೆ.

ಒಂದು ಕೆಲಸಕ್ಕಂತೂ ತಡ ಮಾಡುವಂತಿಲ್ಲ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಂಪುಟ ಒಪ್ಪಿತು. ಪಾಲಿಕೆ ಎರಡಾದರೂ ಮಲಪ್ರಭೆಯಿಂದ ಬರುವ ನೀರು ಒಂದೇ. ಯಾರಿಗೆ ಎಷ್ಟು ಹೋಯಿತು, ಪಂಪಿನ ಕರೆಂಟ್ ಬಿಲ್ಲಿನಲ್ಲಿ ಯಾರ ಪಾಲೆಷ್ಟು ಅನ್ನುವ ಜಗಳ ಏಳುವ ಮೊದಲೇ, ಗಡಿ ದಾಟುವ ಪ್ರತಿ ದೊಡ್ಡ ಪೈಪಿಗೂ ಎರಡೂ ಕಡೆಯವರು ಒಪ್ಪಿದ ಮೀಟರ್ ಕೂರಿಸಿ, ಕನಿಷ್ಠ ಒಂದು ಬೇಸಿಗೆಯ ಓದು ಬರೆದಿಡಬೇಕು.